ಹೆಚ್.ಬಿ.ಹಳ್ಳಿ ಎಂಬ ಮನುಷ್ಯ ಇಲ್ಲ

ಹಗರಿಬೊಮ್ಮನಹಳ್ಳಿ
12 ಜೂನ್ 2005

ನಾಡಚಿತ್ರ ಭಂಡಾರದ ನಿರ್ದೇಶಕರಿಗೆ, ಬೆಂಗಳೂರು

ಸ್ವಾಮಿ,

ಹೆಚ್.ಬಿ.ಹಳ್ಳಿ ಎಂಬ ಹೆಸರಿನ ಮನುಷ್ಯ ಇಲ್ಲ. ಹುಟ್ಟಿಯೇ ಇಲ್ಲ. ಅದು ನಮ್ಮ ಊರು. ಹಗರಿಬೊಮ್ಮನಹಳ್ಳಿ ಎಂದು ಪೂರ್ತಿ ಬರೆದರೆ ಬಸ್ಸಿನ ಬೋರ್ಡು ಸಾಲುವುದಿಲ್ಲ, ಅದಕ್ಕೇ ಮೊಟಕು ಮಾಡಿ ಬರೆಯುತ್ತೇವೆ. ಆ ಬೋರ್ಡುಗಳಲ್ಲಿ ಅರ್ಧಕ್ಕರ್ಧ ನಾನೇ ಬರೆದವು. ನಾನು ಗಂಗಪ್ಪ, ಬೋರ್ಡ್ ಪೇಂಟರ್, ವಯಸ್ಸು ಅರವತ್ತೆರಡು.

ನಿಮ್ಮ ಭಂಡಾರದ ಚಿತ್ರಗಳನ್ನೆಲ್ಲ ಈಗ ಇಂಟರ್ನೆಟ್ಟಿಗೆ ಹಾಕಿದ್ದೀರಂತೆ. ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದಂತೆ. ನನ್ನ ಮಗಳು ಶಿವಗಂಗಾ ಕೂಡ್ಲಿಗಿಯ ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಹೋದ ವಾರ ಸೈಬರ್ ಅಂಗಡಿಯಲ್ಲಿ ಏನೋ ಹುಡುಕುತ್ತ ನಮ್ಮೂರ ಹೆಸರು ಹೊಡೆದಿದ್ದಾಳೆ. ನಿಮ್ಮ ಪುಟ ಬಂದಿದೆ. ಚಿತ್ರದ ಮೂಲೆಯಲ್ಲಿ ‘ಹೆಚ್.ಬಿ.ಹಳ್ಳಿ’ ಅಂತ ಬರೆದದ್ದು ನೋಡಿ, ‘ಳ್ಳಿ’ಯ ಬಾಲ ನನ್ನದೇ ಅಂತ ಗುರುತು ಹಿಡಿದು ಫೋನ್ ಮಾಡಿದಳು. ನಾನು ಮರುದಿನ ಮೊದಲ ಬಸ್ಸಿಗೆ ಕೂಡ್ಲಿಗಿಗೆ ಹೋದೆ.

ಅಲ್ಲಿ ಕಂಡದ್ದೇನು ಹೇಳಲೇ? ‘ಕೂಲಿ ಹೆಂಗಸು, ಭತ್ತ ಕೇರುತ್ತಿರುವುದು. ಕಲಾವಿದರು: ಶ್ರೀ ಹೆಚ್.ಬಿ. ಹಳ್ಳಿ.’

ಭತ್ತ! ಮೊರದಲ್ಲಿರುವುದು ಶೇಂಗಾ ಕಣ್ರೀ. ನಿಮ್ಮಲ್ಲಿ ಯಾರೂ ಶೇಂಗಾ ತಿಂದಿಲ್ಲವೇ? ಮತ್ತೆ ಆ ಕೂಲಿ ಹೆಂಗಸಿಗೆ ಒಂದು ಹೆಸರಿದೆ. ಪಕ್ಕೀರಮ್ಮ. ನನ್ನ ಹೆಂಡತಿ. ಎಪ್ಪತ್ನಾಲ್ಕರಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಜನ್ಮದಲ್ಲಿ ಒಂದು ಫೋಟೋ ತೆಗೆಸಿಕೊಂಡವಳಲ್ಲ. ಅವಳ ಮುಖ ಅಂತ ಈ ಭೂಮಿಯ ಮೇಲೆ ಇರುವುದು ಆ ಒಂದು ಚಿತ್ರದಲ್ಲಿ ಮಾತ್ರ. ಅದನ್ನು ನೋಡಲು ನಾನು ಎರಡು ಸಲ ಬೆಂಗಳೂರಿಗೆ ಬಂದೆ, ಎಪ್ಪತ್ನಾಲ್ಕರಲ್ಲಿ ಒಮ್ಮೆ, ಎಂಬತ್ತಾರರಲ್ಲಿ ಒಮ್ಮೆ. ಎರಡು ಸಲವೂ ‘ಸ್ಟೋರಿನಲ್ಲಿದೆ, ತೋರಿಸೋಕಾಗಲ್ಲ’ ಅಂತ ಗೇಟಿನಿಂದಲೇ ಕಳಿಸಿದಿರಿ.

ಈಗ ಮೂವತ್ತೊಂದು ವರ್ಷದ ಮೇಲೆ ಕಂಡಳಲ್ಲ ಅಂತ ಕಂಪ್ಯೂಟರಿಗೆ ಮುಖ ಹಚ್ಚಿ ನೋಡಿದರೆ, ಅವಳ ಮುಖದ ಮೇಲೆ ಅಡ್ಡಡ್ಡ ನಿಮ್ಮ ಮೊಹರು. ಹಣೆಯಿಂದ ಗದ್ದದ ತನಕ. ಕಣ್ಣಿಲ್ಲ, ಮೂಗಿಲ್ಲ. ಸೀರೆ ಕಾಣುತ್ತದೆ, ಕೈ ಕಾಣುತ್ತದೆ, ಶೇಂಗಾ ಕಾಣುತ್ತದೆ. ನನ್ನ ಮಗಳು ತಾಯಿ ಸತ್ತಾಗ ಒಂದು ವರ್ಷದ ಕೂಸು. ‘ಅಪ್ಪಾ, ಅವ್ವನ ಮುಖ ಎಲ್ಲೈತಿ?’ ಅಂತ ಕೇಳಿದಳು. ನಿಮ್ಮನ್ನೇ ಕೇಳಬೇಕು. ಆ ಮೊಹರಿನಲ್ಲಿ ‘ಭಂಡಾರ’ದ ಭಕಾರಕ್ಕೆ ಹೊಟ್ಟೆ ಕೂಡ ಸೀಳಿಲ್ಲ. ‘ಬಂಡಾರ’ ಅಂತಿದೆ. ಇಂಥ ತಪ್ಪಿನ ಬೋರ್ಡು ಬರೆದಿದ್ದರೆ ನಮ್ಮೂರ ಅಂಗಡಿಯವರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದರು.

ಇಲ್ಲದ ಮನುಷ್ಯನ ಹೆಸರಿನಲ್ಲಿ, ಇಲ್ಲದ ಭತ್ತ ಕೇರಿಸಿ, ಮುಖಕ್ಕೆ ಮಸಿ ಬಳಿದು, ನನ್ನ ಹೆಂಡತಿಯನ್ನು ದೇಶಕ್ಕೆಲ್ಲ ತೋರಿಸುವುದು ಬೇಡ. ಅದನ್ನು ಈ ಕ್ಷಣ ಅಲ್ಲಿಂದ ತೆಗೆಯಿರಿ. ಮೊಹರಿಲ್ಲದ ದೊಡ್ಡ ಪ್ರತಿ ಒಂದನ್ನು ನನಗೆ ಕಳಿಸಿ. ಉಪಕಾರ ಅಂತ ಬೇಡುತ್ತಿಲ್ಲ, ಕೇಳುತ್ತಿದ್ದೇನೆ.

ಹೆಸರಿರುವ ಮನುಷ್ಯ,
ಗಂಗಪ್ಪ

---

ನಾಡಚಿತ್ರ ಭಂಡಾರ, ಬೆಂಗಳೂರು
ಸಂಖ್ಯೆ: ನಾಚಿಭಂ/ಜಾಲ/41/2005-06
ದಿನಾಂಕ: 4-7-2005

ಶ್ರೀ ಗಂಗಪ್ಪ, ಹಗರಿಬೊಮ್ಮನಹಳ್ಳಿ, ಇವರಿಗೆ

ವಿಷಯ: ‘ಕೂಲಿ ಹೆಂಗಸು’ ಚಿತ್ರದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ದಿನಾಂಕ 12-6-2005ರ ಪತ್ರ ತಲುಪಿದ್ದು, ಪರಿಶೀಲನೆಯಲ್ಲಿದೆ.

ಸದರಿ ಚಿತ್ರದ ಮೊಹರುರಹಿತ ಪ್ರತಿಯನ್ನು ಖಾಸಗಿಯವರಿಗೆ ನೀಡಲು ಕಲಾವಿದರಾದ ಶ್ರೀ ಹೆಚ್.ಬಿ. ಹಳ್ಳಿ ಅವರ ಲಿಖಿತ ಒಪ್ಪಿಗೆ ಕಡ್ಡಾಯವಾಗಿರುತ್ತದೆ. ಸದರಿಯವರು ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ ಹಾಗೂ ಎಲ್ಲ ವಾರಸುದಾರರ ಸಹಿಯುಳ್ಳ ಒಪ್ಪಿಗೆ ಪತ್ರವನ್ನು ಲಗತ್ತಿಸುವುದು. ಚಿತ್ರವನ್ನು ತಾವೇ ರಚಿಸಿರುವುದಾಗಿ ತಾವು ಹೇಳುವುದಾದಲ್ಲಿ, ಆ ಕಾಲದ ಸಾಕ್ಷಿಯೊಬ್ಬರ ಲಿಖಿತ ಹೇಳಿಕೆಯನ್ನು ಸಲ್ಲಿಸಬಹುದು.

ಮೊಹರಿನಲ್ಲಿರುವ ಕಾಗುಣಿತದ ವಿಷಯ ತಾಂತ್ರಿಕ ವಿಭಾಗಕ್ಕೆ ಸಂಬಂಧಿಸಿದ್ದಾಗಿರುತ್ತದೆ.

ಸಹಿ/-
ಸಹಾಯಕ ನಿರ್ದೇಶಕರ ಪರವಾಗಿ

---

ಹಗರಿಬೊಮ್ಮನಹಳ್ಳಿ
15 ಜುಲೈ 2005

ಶ್ರೀ ಗುರುಬಸವರಾಜ ಅವರಿಗೆ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬಾಗಳಿ, ಹರಪನಹಳ್ಳಿ ತಾಲ್ಲೂಕು

ತಾವು ಹೇಗಿದ್ದೀರಿ ಅಂತ ಕೇಳುವ ಮನಸ್ಸು ನನಗಿಲ್ಲ. ಮೂವತ್ತೊಂದು ವರ್ಷ ಕೇಳಿಲ್ಲ. ಇವತ್ತೂ ಕೆಲಸ ಇರುವುದರಿಂದಲೇ ಬರೆಯುತ್ತಿದ್ದೇನೆ.

ಬೆಂಗಳೂರಿನವರ ಕಾಗದದ ನಕಲು ಜೊತೆಗಿಟ್ಟಿದ್ದೇನೆ, ಓದಿ. ನಮ್ಮೂರ ಮರಣ ಪ್ರಮಾಣಪತ್ರ ಬೇಕಂತೆ. ವಂಶವೃಕ್ಷವೂ ಬೇಕಂತೆ. ತಹಶೀಲ್ದಾರರ ಕಚೇರಿಗೆ ಹೋಗಿ, ‘ಸಾಹೇಬ್ರ, ಹಗರಿಬೊಮ್ಮನಹಳ್ಳಿ ಸತ್ತೈತ್ರಿ, ಒಂದು ಸರ್ಟಿಫಿಕೇಟ್ ಕೊಡ್ರಿ’ ಅಂತ ನಿಲ್ಲಲೇ? ಶಿವಗಂಗಾ ಇದನ್ನೋದಿ ನಕ್ಕಳು. ನನಗೆ ನಗು ಬರಲಿಲ್ಲ.

ಇದಕ್ಕೆಲ್ಲ ಕಾರಣ ತಾವು. ನಮ್ಮ ಬೋರ್ಡಿನಂಗಡಿಯಲ್ಲಿ ಮುಖ ಬರೆಯುತ್ತಿದ್ದವರು ತಾವು, ಬಟ್ಟೆ, ಕೈ, ಅಕ್ಷರ ನನ್ನವು. ಹೆಸರು ಹಾಕುವ ಮಾತು ಬಂದಾಗ, ನನ್ನ ಜಾತಿಯವನ ಹೆಸರು ಕಂಡರೆ ಪೇಟೆಯವರು ಬೋರ್ಡು ಬರೆಸಲು ಬರುವುದಿಲ್ಲ ಅಂತ ತಾವು ಅಂದಿರಿ. ತಮ್ಮ ಹೆಸರು ಒಂದನ್ನೇ ಹಾಕುವುದಾದರೆ ನಾನು ಬ್ರಷ್ ಮುಟ್ಟುವುದಿಲ್ಲ ಅಂತ ನಾನು ಅಂದೆ. ಕಡೆಗೆ ಇಬ್ಬರದೂ ಬೇಡ ಅಂತ ಊರ ಹೆಸರು ಬರೆದೆವು. ಅಂಗಡಿಯ ಬೋರ್ಡಿಗೆ ಅದು ಸರಿ. ಪಕ್ಕೀರಮ್ಮನ ಚಿತ್ರಕ್ಕೂ ಅದೇ ಬಿತ್ತು. ಅದು ಮಾರುವ ಚಿತ್ರವಲ್ಲ, ಮನೆಯ ಗೋಡೆಯ ಚಿತ್ರ ಅಂತ ನಾನು ಸುಮ್ಮನಿದ್ದೆ. ಆಮೇಲೆ ತಾವು ಮಾಡಿದ ಕೆಲಸ ತಮಗೆ ಗೊತ್ತಿದೆ.

ಈಗ ತಾವು ಒಂದು ಹಾಳೆಯ ಮೇಲೆ ಇಷ್ಟು ಬರೆದುಕೊಟ್ಟರೆ ಸಾಕು: ಹೆಚ್.ಬಿ.ಹಳ್ಳಿ ಎಂಬುದು ಮನುಷ್ಯನಲ್ಲ. ಚಿತ್ರ ಬರೆದವರು ನಾವಿಬ್ಬರು. ಚಿತ್ರದಲ್ಲಿರುವವಳು ಗಂಗಪ್ಪನ ಹೆಂಡತಿ. ಅದನ್ನು ಇಂಟರ್ನೆಟ್ಟಿನಿಂದ ತೆಗೆದುಹಾಕಿ ಗಂಡನಿಗೆ ಪ್ರತಿ ಕೊಡಬೇಕು. ಕೆಳಗೆ ಸಹಿ. ಅಂಚೆಚೀಟಿ ಹಚ್ಚಿದ ಕವರು ಇಟ್ಟಿದ್ದೇನೆ. ಬೇರೆ ಮಾತು ಬೇಡ.

ಗಂಗಪ್ಪ

---

ಬಾಗಳಿ
2 ಆಗಸ್ಟ್ 2005

ಗಂಗಪ್ಪಾ,

ಕಾಗದದ ತುಂಬ ‘ತಾವು, ತಾವು’ ಅಂತ ಬರೆದಿದ್ದೀಯ. ನೆಟ್ಟಗೆ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೇಳಿಕೆ ಬರೆದು ಇಟ್ಟಿದ್ದೇನೆ. ಊರ ವಿಷಯ, ನಾವಿಬ್ಬರು ಬರೆದ ವಿಷಯ, ಪಕ್ಕೀರಮ್ಮನ ಹೆಸರು, ಎಲ್ಲ ಇದೆ. ನಿನ್ನ ಹೆಸರು ಮೊದಲು ಹಾಕಿದ್ದೇನೆ, ಆಗಲೇ ಹಾಕಬೇಕಿತ್ತು. ಆದರೆ ಚಿತ್ರವನ್ನು ತೆಗೆದುಹಾಕಿ ಅನ್ನುವ ಸಾಲು ಬರೆದಿಲ್ಲ, ಬರೆಯುವುದೂ ಇಲ್ಲ. ಮೊಹರು ತೆಗೆಯಲಿ, ಹೆಸರು ಸರಿ ಮಾಡಲಿ. ಚಿತ್ರ ಅಲ್ಲೇ ಇರಲಿ, ಎಲ್ಲರಿಗೂ ಕಾಣಲಿ.

ಯಾಕೆ ಅಂತ ಕೇಳಬೇಡ. ನನ್ನ ಕೈ ಈಗ ನಡುಗುತ್ತದೆ, ಅಕ್ಷರ ನೆಟ್ಟಗೆ ಬರುವುದಿಲ್ಲ, ತಪ್ಪು ತಿಳಿಯಬೇಡ.

ಗುರುಬಸವರಾಜ

---

ಹಗರಿಬೊಮ್ಮನಹಳ್ಳಿ
9 ಆಗಸ್ಟ್ 2005

ಲೇ ಗುರು,

ನೆಟ್ಟಗೆ ಬೈಯಬೇಕಿತ್ತೇನು? ತಗೋ.

ನೀನು ಯಾರೋ ‘ಅಲ್ಲೇ ಇರಲಿ’ ಅನ್ನುವುದಕ್ಕೆ? ನಿನ್ನ ಹೆಂಡತಿಯೇ? ನಿನ್ನ ಮನೆಯ ಗೋಡೆಯೇ? ಆವತ್ತೂ ನೀನೇ ತೀರ್ಮಾನ ಮಾಡಿದೆ, ಇವತ್ತೂ ನೀನೇ ಮಾಡುತ್ತೀಯ. ನಾನು ಹಡಗಲಿಯಲ್ಲಿ ಸೊಸೈಟಿಯ ಬೋರ್ಡು ಬರೆಯುತ್ತ ಹನ್ನೆರಡು ದಿನ ಕೂತಿದ್ದೆ. ವಾಪಸು ಬಂದು ಬಾಗಿಲು ತೆಗೆದರೆ ಗೋಡೆಯ ಮೇಲೆ ಬರೀ ಮೊಳೆ. ‘ಬೆಂಗಳೂರಿನ ಪ್ರದರ್ಶನಕ್ಕೆ ಕೊಟ್ಟು ಬಂದೆ, ಮುಗಿದ ಮೇಲೆ ಭಂಡಾರದವರೇ ಇಟ್ಟುಕೊಳ್ಳುತ್ತಾರಂತೆ, ದೊಡ್ಡ ಗೌರವ’ ಅಂದೆ ನೀನು. ಹಲ್ಲು ಕಿರಿದುಕೊಂಡು ಅಂದೆ. ನಾನು ಬಣ್ಣದ ಡಬ್ಬಿ ಎತ್ತಿ ನಿನ್ನ ಮೇಲೆ ಎಸೆದದ್ದು ನೆನಪಿದೆಯಲ್ಲ? ಹಸಿರು ಡಬ್ಬಿ. ಇನ್ನೂ ಒಂದು ಎಸೆಯಬೇಕಿತ್ತು.

ನಾಲ್ಕು ತಿಂಗಳಿಗೆ ಅವಳು ಹೋದಳು. ಹೆಣದ ಮುಂದೆ ಕೂತು ನಾನು ಖಾಲಿ ಗೋಡೆ ನೋಡುತ್ತಿದ್ದೆ. ನೀನು ಬಾಗಿಲಿಗೆ ಬಂದೆ. ನಾನು ಎದ್ದು ಬಾಗಿಲು ಹಾಕಿದೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಅವಳ ಮುಖ ಹೇಗಿತ್ತು ಅಂತ ಈಗ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ ಕಣೋ. ಇದನ್ನು ಯಾರಿಗೂ ಹೇಳಿಲ್ಲ. ಕೈ ನೆನಪಿದೆ, ನಾನು ಬರೆದದ್ದಲ್ಲವೇ. ಸೀರೆಯ ಅಂಚು ನೆನಪಿದೆ. ಮುಖಕ್ಕೆ ಬಂದರೆ ನೀನು ಬರೆದ ಮುಖದ್ದೂ ಅರ್ಧ ನೆನಪು, ಅವಳದ್ದೂ ಅರ್ಧ ನೆನಪು, ಎರಡೂ ಕಲಸಿಹೋಗಿವೆ. ಅದೊಂದನ್ನು ನೋಡೋಣ ಅಂತ ಕೂಡ್ಲಿಗಿಗೆ ಹೋದರೆ ಮೊಹರು. ಶಿವಗಂಗಾ ಗಾಜಿನ ಮೇಲೆ ಬೆರಳಿಟ್ಟು ಮೊಹರನ್ನು ಒರೆಸಲು ನೋಡಿದಳು. ಸೈಬರಿನವನು ‘ಮೇಡಂ, ಮುಟ್ಟಬ್ಯಾಡ್ರಿ, ಕಲೆ ಆಗ್ತೈತಿ’ ಅಂದ. ಕಡೆಗೆ ಒಂದು ಪ್ರಿಂಟು ತೆಗೆಸಿಕೊಂಡು ಬಂದೆವು, ಅದರಲ್ಲೂ ಮುಖದ ಜಾಗಕ್ಕೆ ಕರೀ ಅಕ್ಷರ.

ನಿನ್ನ ಅರ್ಧಂಬರ್ಧ ಹೇಳಿಕೆ ನನಗೆ ಬೇಡ. ವಾಪಸು ಕಳಿಸಿದ್ದೇನೆ, ನೀನೇ ಇಟ್ಟುಕೋ.

ಗಂಗಪ್ಪ

---

ಕೂಡ್ಲಿಗಿ
18 ಸೆಪ್ಟೆಂಬರ್ 2005

ಗುರುಬಸವರಾಜ ಮೇಷ್ಟ್ರಿಗೆ ನಮಸ್ಕಾರ.

ನಾನು ಶಿವಗಂಗಾ, ಗಂಗಪ್ಪನವರ ಮಗಳು. ನೀವು ನನ್ನನ್ನು ತೊಟ್ಟಿಲಲ್ಲಿ ನೋಡಿರಬಹುದು. ನಾನು ನಿಮ್ಮನ್ನು ನೋಡಿಲ್ಲ. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಬೈಗುಳದ ಜಾಗದಲ್ಲಿ ಬರುತ್ತಿತ್ತು, ಅಷ್ಟೇ ಪರಿಚಯ.

ನಿಮ್ಮ ಕಾಗದವನ್ನೂ ಅಪ್ಪ ನಿಮಗೆ ಬರೆದ ಕಾಗದಗಳ ನಕಲನ್ನೂ ಅಪ್ಪನ ಪೆಟ್ಟಿಗೆಯಲ್ಲಿ ಓದಿದೆ. ತಪ್ಪೇ, ಆದರೂ ಓದಿದೆ. ಓದಿ ನಿಮ್ಮಿಬ್ಬರ ಮೇಲೂ ಸಿಟ್ಟು ಬಂತು. ಯಾರ ಹೆಸರು ಮೊದಲು, ಯಾರ ಗೋಡೆ, ಯಾರು ಯಾರ ಮೇಲೆ ಡಬ್ಬಿ ಎಸೆದರು. ಆ ಚಿತ್ರದೊಳಗೆ ಒಬ್ಬ ಹೆಣ್ಣುಮಗಳು ಕೂತಿದ್ದಾಳಲ್ಲ ಮೇಷ್ಟ್ರೇ, ಅವಳಿಗೆ ಏನು ಬೇಕಿತ್ತು ಅಂತ ನಿಮ್ಮಲ್ಲಿ ಒಬ್ಬರಾದರೂ ಒಂದು ಸಾಲು ಬರೆದಿದ್ದೀರಾ?

ಚಿಕ್ಕವಳಿದ್ದಾಗ ಅಪ್ಪನನ್ನು ಕೇಳುತ್ತಿದ್ದೆ, ‘ಅವ್ವ ಹ್ಯಾಂಗಿದ್ಲಪ್ಪ?’ ಅಂತ. ‘ಚೆಂದ ಇದ್ಲು, ಹೋಗು’ ಅನ್ನುತ್ತಿದ್ದರು. ಸೋದರತ್ತೆ ಎರ್ರೆಮ್ಮನನ್ನು ಕೇಳಿದರೆ, ‘ನಿನ್ನಂಗ ಇದ್ಲು’ ಅನ್ನುತ್ತಿದ್ದಳು. ನಾನು ಕನ್ನಡಿಯ ಮುಂದೆ ನಿಂತು, ನನ್ನ ಮುಖದಲ್ಲಿ ಅಪ್ಪನ ಮೂಗು ಬಿಟ್ಟು ಉಳಿದದ್ದೆಲ್ಲ ಅವ್ವ ಅಂದುಕೊಳ್ಳುತ್ತಿದ್ದೆ. ಮೂವತ್ತೆರಡು ವರ್ಷಕ್ಕೆ ಅವಳ ಚಿತ್ರ ಸಿಕ್ಕಿತು. ಸಿಕ್ಕಿದ ದಿನ ಆಫೀಸಿನಲ್ಲಿ ಎಲ್ಲರಿಗೂ ಪೇಡಾ ಹಂಚಿದೆ, ಹುಚ್ಚಿಯ ಹಾಗೆ. ಮುಖ ಮಾತ್ರ ಸಿಗಲಿಲ್ಲ.

ಅಪ್ಪ ಅದನ್ನು ತೆಗೆಸಬೇಕು ಅನ್ನುತ್ತಾರೆ. ನೀವು ಇರಲಿ ಅನ್ನುತ್ತೀರಿ, ಯಾಕೆ ಅಂತ ಕೇಳಬೇಡಿ ಅನ್ನುತ್ತೀರಿ. ನಾನು ಕೇಳುತ್ತಿದ್ದೇನೆ. ಯಾಕೆ? ನೀವು ಉತ್ತರ ಬರೆಯದಿದ್ದರೆ ಒಂದು ಭಾನುವಾರ ಬಾಗಳಿಗೇ ಬಂದು ನಿಮ್ಮ ಬಾಗಿಲಲ್ಲಿ ಕೂರುತ್ತೇನೆ. ನಾನೂ ಗಂಗಪ್ಪನ ಮಗಳೇ.

ಉತ್ತರಕ್ಕೆ ಕಾದಿರುವ,
ಶಿವಗಂಗಾ

---

ಬಾಗಳಿ
6 ಅಕ್ಟೋಬರ್ 2005

ಗಂಗಪ್ಪಾ,

ನಿನ್ನ ಮಗಳು ಕಾಗದ ಬರೆದಿದ್ದಳು. ಅವಳಿಗೆ ಉತ್ತರ ಬರೆಯಲು ಮೂರು ಸಲ ಕೂತೆ. ಆಮೇಲೆ ಅನ್ನಿಸಿತು, ಇದನ್ನು ಮೊದಲು ನಿನಗೆ ಹೇಳಬೇಕು. ಓದಿ ಹರಿದುಹಾಕು, ಇಲ್ಲ ಇಟ್ಟುಕೋ, ನಿನ್ನಿಷ್ಟ. ಅವಳಿಗೂ ಓದಿ ಹೇಳು. ನೀನು ಬೇಡ ಅಂದ ಹೇಳಿಕೆಯನ್ನೂ ಮತ್ತೆ ಇದರ ಜೊತೆಗಿಟ್ಟಿದ್ದೇನೆ.

ನೀನು ಹಡಗಲಿಗೆ ಹೋದ ನಾಲ್ಕನೆಯ ದಿನ ಪಕ್ಕೀರಮ್ಮ ಅಂಗಡಿಗೆ ಬಂದಳು. ಶೇಂಗಾ ಮಿಲ್ಲಿನಿಂದ ನೇರವಾಗಿ ಬಂದಿದ್ದಳು, ತಲೆಯ ಮೇಲೆಲ್ಲ ಹೊಟ್ಟಿನ ಧೂಳು. ಕಂಕುಳಲ್ಲಿ ಕೂಸು. ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿ ತಾನೇ ಹೊತ್ತು ತಂದಿದ್ದಳು. ಬೆಂಗಳೂರಿನ ಪ್ರದರ್ಶನದ ವಿಷಯ ನಾನು ನಿನಗೆ ಹೇಳುವಾಗ ಅವಳು ಕೇಳಿಸಿಕೊಂಡಿದ್ದಳಂತೆ.

‘ಅಣ್ಣಾ, ಇದನ್ನ ಬೆಂಗಳೂರಿಗೆ ಒಯ್ರಿ’ ಅಂದಳು.

‘ಗಂಗಪ್ಪ ಬರ್ಲಿ ತಾಯಿ, ಕೇಳಿ ಒಯ್ಯಾಣ’ ಅಂದೆ.

‘ಅವ್ರನ್ನ ಕೇಳಿದ್ರ ಬ್ಯಾಡ ಅಂತಾರ. ಗ್ವಾಡಿಗೆ ಹಾಕ್ಕಂಡು ಅವ್ರೊಬ್ರ ನೋಡ್ಕಂತ ಕುಂದ್ರತಾರ. ಅವ್ರಿಗೆ ನಾನು ದಿನಾ ಕಾಣ್ತೀನಲ್ಲ? ಮಿಲ್ಲಿನ್ಯಾಗ ಮೂವತ್ತು ಮಂದಿ ಹೆಣ್ಮಕ್ಕಳು ಕುಂತಿರ್ತೀವಣ್ಣ. ಸಾವ್ಕಾರ ಬಂದ್ರ ಶೇಂಗಾ ನೋಡ್ತಾನ, ನಮ್ಮ ಮಾರಿ ನೋಡಂಗಿಲ್ಲ. ಅಲ್ಲಿ ದೊಡ್ಡ ದೊಡ್ಡ ಮಂದಿ ಬರ್ತಾರಂತ. ನಿಂತು ನೋಡ್ಲಿ. ಈಕಿ ಯಾರು ಅಂತ ಕೇಳ್ಲಿ.’

ಹೀಗೇ ಅಂದಳು. ಒಂದು ಮಾತೂ ನಾನು ಸೇರಿಸಿಲ್ಲ. ಹೊರಡುವಾಗ, ‘ನಾನು ಹೇಳ್ದೆ ಅನಬ್ಯಾಡ್ರಿ ಅಣ್ಣಾ, ಬೈತಾರ. ಸಿಟ್ಟು ಇಳಿದ ಮ್ಯಾಲ ನಾನೇ ಹೇಳ್ತೀನಿ’ ಅಂದಳು.

ನೀನು ಬಂದೆ, ಡಬ್ಬಿ ಎಸೆದೆ. ಅವಳು ಬಾಗಿಲ ಹಿಂದೆ ನಿಂತಿದ್ದಳು, ನನಗೆ ಕಾಣುತ್ತಿತ್ತು. ಅವಳು ಹೇಳುತ್ತಾಳೆ ಅಂತ ನಾನು ಕಾದೆ. ಅವಳು ನಿನ್ನ ಸಿಟ್ಟು ಇಳಿಯಲಿ ಅಂತ ಕಾದಳೋ ಏನೋ. ಆಮೇಲೆ ಅವಳೇ ಇಲ್ಲವಾದಳು. ಸತ್ತವಳ ಮೇಲೆ ಹೊರಿಸಿ ನಾನು ಪಾರಾಗುವುದೇ? ಬಾಯಿ ಮುಚ್ಚಿಕೊಂಡೆ.

ಇದೊಂದೇ ಆಗಿದ್ದರೆ ಇಷ್ಟು ವರ್ಷದಲ್ಲಿ ಹೇಗೋ ಹೇಳುತ್ತಿದ್ದೆ. ನಾಚಿಕೆ ಬೇರೆಯದಕ್ಕೆ. ‘ಸಾವಿರಾರು ಜನ ನೋಡ್ತಾರ ತಾಯಿ’ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಅಂದು ಪ್ರದರ್ಶನದಲ್ಲಿ ಹತ್ತು ದಿನ ಇತ್ತು, ಆಮೇಲೆ ನೇರ ಸ್ಟೋರಿಗೆ. ನಾನೂ ಎಪ್ಪತ್ತೊಂಬತ್ತರಲ್ಲಿ ಹೋಗಿ ಕೇಳಿದೆ. ನನಗೂ ಗೇಟಿನಲ್ಲಿ ಅದೇ ಉತ್ತರ. ಎಲ್ಲರೂ ನೋಡಲಿ ಅಂದವಳನ್ನು ಕತ್ತಲ ಕೋಣೆಗೆ ಹಾಕಿ ಬಂದವನು ನಾನು. ಆಮೇಲೆ ನಾನು ಯಾರ ಮುಖವನ್ನೂ ಬರೆದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೂಜಿ, ಹಣ್ಣು, ಎಲೆ, ಇಷ್ಟೇ ಕಲಿಸಿದೆ.

ಈಗಲಾದರೂ ಯಾರಿಗೆ ಬೇಕಾದರೂ ಕಾಣುವ ಜಾಗಕ್ಕೆ ಬಂದಿದ್ದಾಳೆ. ತೆಗೆಸಬೇಡ ಗಂಗಪ್ಪ.

ಗುರು

---

ಹಗರಿಬೊಮ್ಮನಹಳ್ಳಿ
14 ನವೆಂಬರ್ 2005

ನಾಡಚಿತ್ರ ಭಂಡಾರದ ನಿರ್ದೇಶಕರಿಗೆ, ಬೆಂಗಳೂರು

ಸ್ವಾಮಿ,

ಜೂನ್ ತಿಂಗಳಲ್ಲಿ ನಾನು ಬರೆದ ಕಾಗದದಲ್ಲಿ ಚಿತ್ರವನ್ನು ತೆಗೆದುಹಾಕಿ ಅಂದಿದ್ದೆ. ಆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನಾನು ವಾಪಸು ತೆಗೆದುಕೊಳ್ಳುವ ಜಾತಿಯ ಮನುಷ್ಯನಲ್ಲ, ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ತೆಗೆದುಕೊಳ್ಳುತ್ತಿದ್ದೇನೆ.

ಚಿತ್ರ ಅಲ್ಲೇ ಇರಲಿ. ಅದರಲ್ಲಿ ಕೂತವಳಿಗೇ ಅದು ಎಲ್ಲರಿಗೂ ಕಾಣಬೇಕು ಅಂತ ಆಸೆ ಇತ್ತು. ಗಂಡನಿಗೆ ಹೇಳಲು ಹೆದರಿ ಗೆಳೆಯನ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ನನಗೆ ಅದು ಮೂವತ್ತೊಂದು ವರ್ಷದ ಮೇಲೆ ಗೊತ್ತಾಯಿತು. ನಾಲ್ಕು ತಿಂಗಳು ನನ್ನ ಕಣ್ಣೆದುರಿಗೇ ಇದ್ದಳು, ರೊಟ್ಟಿ ಬಡಿದು ಹಾಕಿದಳು, ಹೇಳಲಿಲ್ಲ. ಹೇಳುವಷ್ಟು ಜಾಗ ನಾನೆಲ್ಲಿ ಬಿಟ್ಟಿದ್ದೆ? ದಿನ ಬೆಳಗಾದರೆ ಆ ಗೋಡೆ ನೋಡಿ ಗುರುವನ್ನು ಬೈಯುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತ ಒಲೆ ಊದುತ್ತಿದ್ದಳು. ಇದು ನಿಮಗೆ ಬೇಡವಾದ ವಿಷಯ ಅಂತ ನನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ನಿಮ್ಮ ಕಡತದಲ್ಲಾದರೂ ಇರಲಿ.

ಆದರೆ ನನ್ನ ಮೇಲೆ ನನಗೇ ಸಿಟ್ಟು ಬಂತು ಅಂತ ನಿಮ್ಮನ್ನು ಬಿಡುವುದಿಲ್ಲ. ಅವಳನ್ನು ಮೂವತ್ತೊಂದು ವರ್ಷ ಕತ್ತಲಲ್ಲಿಟ್ಟವರು ನೀವು. ಹೊರಗೆ ತಂದ ದಿನವೇ ಮುಖ ಮುಚ್ಚಿದವರೂ ನೀವು. ಕಳ್ಳರಿಗೆ ಹೆದರಿ ಮೊಹರು ಹಾಕಿದ್ದೇವೆ ಅನ್ನುತ್ತೀರೇನೋ. ಅವಳ ಮುಖ ಕದ್ದು ಯಾರು ಏನು ಮಾಡಿಯಾರು? ಕದಿಯಲಿ ಬಿಡಿ. ಪ್ರಿಂಟು ತೆಗೆದು ಮನೆಯಲ್ಲಿ ಹಾಕಿಕೊಳ್ಳಲಿ. ಜನರ ಹಣದಲ್ಲಿ ಇಟ್ಟ ಚಿತ್ರ ಜನರಿಗೆ ಮೂಗು ಕಣ್ಣು ಸಮೇತ ಕಾಣಬೇಕೋ ಬೇಡವೋ?

ಮಾಡಬೇಕಾದ್ದು ಇಷ್ಟೇ. ಮೊಹರು ತೆಗೆಯಿರಿ. ಭತ್ತ ಹೊಡೆದು ಶೇಂಗಾ ಅಂತ ಮಾಡಿ. ‘ಕೂಲಿ ಹೆಂಗಸು’ ಹೊಡೆದು ‘ಪಕ್ಕೀರಮ್ಮ’ ಅಂತ ಬರೆಯಿರಿ. ಬರೆದವರ ಜಾಗದಲ್ಲಿ ಇಬ್ಬರ ಹೆಸರೂ ಹಾಕಿ, ಯಾರದು ಮೊದಲಾದರೂ ನಮಗೆ ಜಗಳವಿಲ್ಲ. ಗುರುಬಸವರಾಜರ ಹೇಳಿಕೆ ಜೊತೆಗಿದೆ. ನೀವು ಕೇಳಿದ ಸಾಕ್ಷಿ ಅದೇ. ರಿಜಿಸ್ಟರ್ ಮಾಡಿ ಕಳಿಸಿದ್ದೇನೆ, ತಲುಪಿಲ್ಲ ಅನ್ನಬೇಡಿ.

ಪಕ್ಕೀರಮ್ಮನ ಗಂಡ,
ಗಂಗಪ್ಪ

---

ನಾಡಚಿತ್ರ ಭಂಡಾರ, ಬೆಂಗಳೂರು
ಸಂಖ್ಯೆ: ನಾಚಿಭಂ/ಜಾಲ/41/2005-06
ದಿನಾಂಕ: 23-1-2006

ಶ್ರೀ ಗಂಗಪ್ಪ, ಹಗರಿಬೊಮ್ಮನಹಳ್ಳಿ, ಇವರಿಗೆ

ತಮ್ಮ ದಿನಾಂಕ 12-6-2005ರ ಪತ್ರದಲ್ಲಿನ ಕೋರಿಕೆಯನ್ನು ಸಮಿತಿಯು ಸಹಾನುಭೂತಿಯಿಂದ ಪರಿಶೀಲಿಸಿ, ಕುಟುಂಬದವರ ಭಾವನೆಗಳನ್ನು ಗೌರವಿಸಿ, ‘ಕೂಲಿ ಹೆಂಗಸು’ ಚಿತ್ರವನ್ನು ಜಾಲತಾಣದಿಂದ ಶಾಶ್ವತವಾಗಿ ತೆಗೆದುಹಾಕಲು ತೀರ್ಮಾನಿಸಿದ್ದು, ಅದರಂತೆ ದಿನಾಂಕ 16-1-2006ರಂದು ತೆಗೆದುಹಾಕಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಸದರಿ ಚಿತ್ರವು ಸ್ಟೋರಿನಲ್ಲಿ ಸುರಕ್ಷಿತವಾಗಿರುತ್ತದೆ.

ತಮ್ಮ ದಿನಾಂಕ 14-11-2005ರ ಪತ್ರವೂ ತಲುಪಿರುತ್ತದೆ. ಆದರೆ ಸದರಿ ಕಡತವನ್ನು ಈಗಾಗಲೇ ಮುಕ್ತಾಯಗೊಳಿಸಿರುವುದರಿಂದ ಪುನಃ ತೆರೆಯಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಪ್ರತಿಯ ಕೋರಿಕೆಯು ಶ್ರೀ ಹೆಚ್.ಬಿ. ಹಳ್ಳಿ ಅವರ ಒಪ್ಪಿಗೆ ಸಲ್ಲಿಕೆಯಾಗದ ಕಾರಣ ತಿರಸ್ಕೃತವಾಗಿದೆ.

ಸಹಿ/-
ಸಹಾಯಕ ನಿರ್ದೇಶಕರ ಪರವಾಗಿ

---

ಹಗರಿಬೊಮ್ಮನಹಳ್ಳಿ
19 ಫೆಬ್ರುವರಿ 2006

ಲೇ ಗುರು,

ಕಚೇರಿಯವರ ಕಾಗದದ ನಕಲು ಇಟ್ಟಿದ್ದೇನೆ. ತಿಳಿಸಲು ಹರ್ಷಿಸುತ್ತಾರಂತೆ. ಹರ್ಷವಂತೆ! ನನ್ನ ಬೈಗುಳವನ್ನು ಏಳು ತಿಂಗಳು ಇಟ್ಟುಕೊಂಡು ಕೂತು, ಬೇಡ ಅಂತ ಕೈ ಮುಗಿದ ಮೇಲೆ ನಡೆಸಿಕೊಟ್ಟಿದ್ದಾರೆ. ಮತ್ತೆ ಸ್ಟೋರಿಗೆ ಹೋದಳು. ಈ ಸಲ ಕಳಿಸಿದವನು ನೀನಲ್ಲ, ನಾನು. ನನ್ನ ಕೈಯಾರೆ ಬರೆದ ಕಾಗದದ ಮೇಲೆ ಹೋದಳು. ಎರಡು ದಿನ ನಾನು ಮನೆಯಿಂದ ಹೊರಗೆ ಬರಲಿಲ್ಲ. ಶಿವಗಂಗಾ ರಜೆ ಹಾಕಿ ಬಂದು, ಅನ್ನದ ತಟ್ಟೆ ಮುಂದಿಟ್ಟು, ‘ಉಣ್ಣಪ್ಪ, ಉಂಡು ಸಿಟ್ಟು ಮಾಡು’ ಅಂದಳು.

ಉಂಡೆ. ಆಮೇಲೆ ಸಿಟ್ಟನ್ನು ಎಲ್ಲಿ ಹಾಕುವುದು ಅಂತ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನ ಎದುರಿಗೆ ಚೌಡಣ್ಣನ ಗೊಬ್ಬರದ ಅಂಗಡಿ ಗೊತ್ತಲ್ಲ, ಅದರ ಪಕ್ಕದ ಗೋಡೆ. ಇಪ್ಪತ್ತು ವರ್ಷ ಅಲ್ಲಿ ನಾನು ಬೀಜದ ಜಾಹೀರಾತು ಬರೆಯುತ್ತಿದ್ದೆ. ಈಗ ಫ್ಲೆಕ್ಸ್ ಬಂದಿದೆ, ಗೋಡೆಯನ್ನು ಕೇಳುವವರಿಲ್ಲ. ಚೌಡಣ್ಣನನ್ನು ಕೇಳಿದೆ. ‘ಯಾರ ಚಿತ್ರ ಬರಿತೀಯೋ ಗಂಗಣ್ಣ?’ ಅಂದ. ‘ನನ್ನ ಹೆಂಡ್ತಿದು’ ಅಂದೆ. ಗಾಬರಿಯಾಗಿ ನನ್ನ ಮುಖ ನೋಡಿದ, ಆಮೇಲೆ ಏಣಿ ಕೊಟ್ಟ.

ಸುಣ್ಣ ಹೊಡೆದು ಹದಿನೈದು ದಿನದಿಂದ ಬರೆಯುತ್ತಿದ್ದೇನೆ. ಎರಡಾಳು ಎತ್ತರ ಕೂತಿದ್ದಾಳೆ. ಮೊರ ಮುಗಿಯಿತು. ಶೇಂಗಾ ಎಷ್ಟು ನಿಚ್ಚಳ ಬರೆದಿದ್ದೇನೆ ಅಂದರೆ ಬೆಂಗಳೂರಿನವರಿಗೂ ಗೊತ್ತಾಗಬೇಕು. ಸೀರೆ ಮುಗಿಯಿತು, ಕೈ ಮುಗಿಯಿತು. ಕೆಳಗೆ ‘ಪಕ್ಕೀರಮ್ಮ’ ಅಂತ ಮೂರಡಿ ಅಕ್ಷರದಲ್ಲಿ ಬರೆದಿದ್ದೇನೆ, ಕೊಟ್ಟೂರಿನ ಬಸ್ಸು ತಿರುವಿನಲ್ಲಿರುವಾಗಲೇ ಓದಲು ಬರುತ್ತದೆ. ಬಸ್ಸು ಇಳಿದವರು ನಿಲ್ಲುತ್ತಾರೆ. ‘ಯಾರ್ರೀ ಈಕಿ?’ ಅಂತ ಕೇಳುತ್ತಾರೆ. ನಾನು ಏಣಿಯ ಮೇಲಿಂದಲೇ ಹೇಳುತ್ತೇನೆ. ದಿನಕ್ಕೆ ನಲವತ್ತು ಸಲ ಹೇಳುತ್ತೇನೆ, ಬಾಯಿ ನೋಯುತ್ತದೆ.

ಮುಖದ ಜಾಗ ಖಾಲಿ ಬಿಟ್ಟಿದ್ದೇನೆ. ಬರೀ ಸುಣ್ಣ. ನಾನು ಎರಡು ಸಲ ಪ್ರಯತ್ನ ಮಾಡಿ ಎರಡು ಸಲವೂ ಒರೆಸಿದೆ. ಯಾವುದೋ ಹೆಂಗಸು ಬಂದಳು, ಅವಳು ಬರಲಿಲ್ಲ. ಆ ಮುಖವನ್ನು ರೇಖೆ ರೇಖೆ ನೋಡಿ ಬರೆದವನು ಲೋಕದಲ್ಲಿ ನೀನೊಬ್ಬನೇ ಇದ್ದೀಯ. ಕೈ ನಡುಗುತ್ತದೆ ಅಂತ ಹೇಳಬೇಡ. ನಡುಗಲಿ, ನಾನು ಮಣಿಕಟ್ಟು ಹಿಡಿಯುತ್ತೇನೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಅಂತಲೂ ತಿಳಿಯಬೇಡ, ಹೋಗಿಲ್ಲ. ಬಂದ ಮೇಲೆ ಏಣಿಯ ಮೇಲೆ ಕೂತು ಇನ್ನೂ ಸ್ವಲ್ಪ ಬೈಯುವುದಿದೆ.

ಶಿವಗಂಗಾ ಭಾನುವಾರ ಭಾನುವಾರ ಬಂದು ಗೋಡೆಯ ಎದುರಿನ ಕಟ್ಟೆಯ ಮೇಲೆ ಕೂರುತ್ತಾಳೆ. ಆ ಸುಣ್ಣದ ಜಾಗವನ್ನೇ ನೋಡುತ್ತಿರುತ್ತಾಳೆ.

ಹರಪನಹಳ್ಳಿಯಿಂದ ಏಳೂವರೆಗೆ ಬಸ್ಸಿದೆ. ಬಾರೋ. ಮುಖ ಇಲ್ಲದಂಗ ಕುಂತಾಳ.

ಗಂಗಪ್ಪ